ಎಲ್ಲಾ ಆನ್‌ಲೈನ್ ಆದ ಮೇಲೂ ಸಣ್ಣ ಘಟಕಕ್ಕೆ ಏಜೆಂಟ್ ಬೇಕಾ?

ಗೌರಿಬಿದನೂರಿನಲ್ಲಿ ಕಡಲೆಕಾಯಿ ಚಿಕ್ಕಿ ಘಟಕ ಶುರು ಮಾಡಬೇಕು, ಕಾಗದಪತ್ರ ನಾನೇ ಮಾಡಿಕೊಳ್ಳಬಹುದಾ ಎಂದು ಕೇಳಿದ್ದೀರಿ. ನಾನು ಇದೇ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕುರುಕಲು ತಿಂಡಿ ಮಾಡಿ ಮಾರುತ್ತೇನೆ. ಏಜೆಂಟ್ ಹಿಡಿದರೆ ತಪ್ಪಿಲ್ಲ. ಆದರೆ ಯಾವ ಪೋರ್ಟಲ್‌ನಲ್ಲೂ ಅವರ ಮೊಬೈಲ್ ನಂಬರ್, ಇಮೇಲ್ ಹಾಕಿಸಬೇಡಿ.

ಜಿಎಸ್‌ಟಿ ನೋಟಿಸ್ ಪೋರ್ಟಲ್‌ನಲ್ಲಿ ಬೀಳುತ್ತದೆ, ಮೆಸೇಜು ನೋಂದಾಯಿತ ನಂಬರಿಗೆ ಹೋಗುತ್ತದೆ. ನನ್ನ ಪರಿಚಯದ ಅಂಗಡಿಯವರೊಬ್ಬರಿಗೆ ನೋಂದಣಿ ರದ್ದಾದ ಮೇಲೆ ವಿಷಯ ಗೊತ್ತಾಯಿತು. ಮೆಸೇಜೆಲ್ಲ ಏಜೆಂಟರ ಫೋನಿನಲ್ಲೇ ಇತ್ತು. ತಿಂಗಳ ರಿಟರ್ನ್ (ವ್ಯಾಪಾರ, ತೆರಿಗೆಯ ಲೆಕ್ಕ) ಸತತ 6 ತಿಂಗಳು ಹಾಕದಿದ್ದರೆ ರದ್ದು ಮಾಡಲು ಅವಕಾಶವಿದೆ. ವ್ಯಾಪಾರ ಇಲ್ಲದಿದ್ದರೂ ನಿಲ್ ರಿಟರ್ನ್ ಹಾಕಲೇಬೇಕು. ಅದನ್ನು 14409ಕ್ಕೆ ಎಸ್‌ಎಂಎಸ್ ಕಳಿಸಿ ಮುಗಿಸಬಹುದು. ಅದಕ್ಕೂ ನೋಂದಾಯಿತ ನಂಬರೇ ಬೇಕು.

ನಿಮಗೆ ಜಿಎಸ್‌ಟಿ ಬೇಕಾ ಅಂತ ಮೊದಲು ನೋಡಿ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಬೇಡ. ಆದರೆ ನಿಮ್ಮೂರಿಂದ ಬಸ್ ಹತ್ತಿದರೆ ಹಿಂದೂಪುರ ಬಂದೇಬಿಡುತ್ತದೆ, ಅಲ್ವಾ? ಅದು ಆಂಧ್ರ. ಅಲ್ಲಿನ ಅಂಗಡಿಗೆ ಒಂದು ಡಬ್ಬ ಚಿಕ್ಕಿ ಹಾಕಿದರೂ ಈ ವಿನಾಯಿತಿ ಇರುವುದಿಲ್ಲ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮೂ ಸಿಗುವುದಿಲ್ಲ.

ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿಯನ್ನು ಮಾತ್ರ ನೀವೇ ಮಾಡಿ. 2020ರ ಜುಲೈನಿಂದ ಜಾರಿಯಲ್ಲಿದೆ. ಆಧಾರ್, ಪ್ಯಾನ್ ನಂಬರ್, ಜಿಎಸ್‌ಟಿ ಬೇಕಾದವರಿಗೆ ಆ ನಂಬರೂ ಇದ್ದರೆ ಸಾಕು. ದಾಖಲೆ ಅಪ್‌ಲೋಡ್ ಇಲ್ಲ, ಶುಲ್ಕ ಇಲ್ಲ. ಸರ್ಕಾರಿ ಸೈಟಿನಂತೆ ಕಾಣುವ ಖಾಸಗಿ ಸೈಟುಗಳು ಇದಕ್ಕೂ ದುಡ್ಡು ಕೇಳುತ್ತವೆ, ಸುಮ್ನೆ ಕೊಡಬೇಡಿ. ನನ್ನ ಪ್ರಕಾರ ಎಲ್ಲ ಇಲಾಖೆಯೂ ಹೀಗೇ ಇರಬೇಕಿತ್ತು. ಸರ್ಕಾರದ ಹತ್ತಿರ ಈಗಾಗಲೇ ಇರುವ ಹೆಸರು, ವಿಳಾಸವನ್ನು ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐಗೆ ಒಮ್ಮೆ, ನಗರಸಭೆ ಲೈಸೆನ್ಸಿಗೆ ಒಮ್ಮೆ, ಕಾರ್ಮಿಕ ಇಲಾಖೆಗೆ ಇನ್ನೊಮ್ಮೆ ನಾವು ಯಾಕೆ ತುಂಬಬೇಕು? ಕಚೇರಿ ಮುಂದೆ ನಿಲ್ಲುವುದು ತಪ್ಪಿದೆ, ನಿಜ. ಕೆಲಸ ಕಡಿಮೆಯಾಗಿಲ್ಲ. ದೊಡ್ಡ ಕಂಪನಿಗೆ ಇದಕ್ಕೇ ಜನ ಇರುತ್ತಾರೆ. ನಮ್ಮಲ್ಲಿ ಬೆಲ್ಲದ ಪಾಕ ನೋಡುವವರೇ ಓಟಿಪಿಗೂ ಓಡಬೇಕು.

ಇನ್ನೊಂದು ವಿಷಯ, ಇನಿಷಿಯಲ್. ನಮ್ಮ ಕಡೆ ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಕರೆಂಟ್ ಬಿಲ್ಲಿನಲ್ಲಿ ತಾತನ ಹೆಸರು ಇರುವುದು ಮಾಮೂಲು. ಅರ್ಜಿ ವಾಪಸ್ ಬರಲು ಇಷ್ಟು ಸಾಕು. ಆಧಾರ್, ಪ್ಯಾನ್ ಎರಡರಲ್ಲೂ ಹೆಸರು ಒಂದೇ ಥರ ಮಾಡಿಸಿಕೊಳ್ಳಿ. ಕಟ್ಟಡ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಮಾಲೀಕರಿಂದ ಒಪ್ಪಿಗೆ ಪತ್ರವೋ ಬಾಡಿಗೆ ಕರಾರೋ ಬರೆಸಿಕೊಳ್ಳಿ. ಆಮೇಲೆ ಮೊದಲ ಅರ್ಜಿ ಹಾಕಿ.