ಹಳೇ ಗಾಡಿ ಪ್ರಶ್ನೋತ್ತರ: ಕಿಡಿ ಮೊದಲು, ಕಾರ್ಬುರೇಟರ್ ಆಮೇಲೆ

ಪ್ರಶ್ನೆ: ನಮ್ಮದು ಅಪ್ಪನ ಕಾಲದ 1972ರ ಅಂಬಾಸಡರ್ ಮಾರ್ಕ್ 2, ಎಸ್‌ಯು ಕಾರ್ಬುರೇಟರ್. ಹೊಸ ಪಾಯಿಂಟ್ (ಕಿಡಿ ಹಾರಲು ಕರೆಂಟ್ ಕಡಿಯುವ ಸ್ವಿಚ್ಚು) ಹಾಕಿಸಿದ ಮೇಲೆ ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಥರ್ಡ್ ಗೇರಿನಲ್ಲಿ ನಾಕಿಂಗ್ (ಎಂಜಿನ್ನಿನೊಳಗೆ ಕಟಕಟ ಸದ್ದು) ಶುರುವಾಯಿತು. ಮೆಕ್ಯಾನಿಕ್ ಟೈಮಿಂಗ್ ರಿಟಾರ್ಡ್ ಮಾಡಿದರು, ಅಂದರೆ ಕಿಡಿ ತಡವಾಗಿ ಹಾರುವಂತೆ ಇಟ್ಟರು. ನಾಕಿಂಗ್ ನಿಂತಿತು, ಪಿಕಪ್ಪೂ ಹೋಯಿತು, ರೇಡಿಯೇಟರ್ ಕುದಿಯತೊಡಗಿತು. ಪಿಕಪ್ ಬರಲೆಂದು, ಪೆಟ್ರೋಲ್ ಹೆಚ್ಚು ಹೋಗುವಂತೆ ಕಾರ್ಬುರೇಟರ್ ಜೆಟ್ ಇಳಿಸಿದರು. ಈಗ ಪ್ಲಗ್‌ಗಳೆಲ್ಲ ಕಪ್ಪು, ಮಿಸ್ಸಿಂಗ್ ಬೇರೆ. ಹೊಸ ಕಾರ್ಬುರೇಟರ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ?
– ಓದುಗರು, ಮಡಿಕೇರಿ

ಉತ್ತರ: ಬೇಡಿ, ದಯವಿಟ್ಟು ಆ ದುಡ್ಡು ಉಳಿಸಿಕೊಳ್ಳಿ. ಹಾಸನದ ಗ್ಯಾರೇಜಿನಲ್ಲಿ ಕಾಫಿ ತೋಟದವರ ಅಂಬಾಸಡರ್‌ಗಳ ಮೇಲೆ ಕೈ ಪಳಗಿಸಿಕೊಂಡವನು ನಾನು. ಕಾರ್ಬುರೇಟರ್ ಕೆಟ್ಟಿದೆ ಎಂದು ಬಂದ ಗಾಡಿಗಳಲ್ಲಿ ಹೆಚ್ಚಿನವುಗಳ ತೊಂದರೆ ಇದ್ದದ್ದು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನಲ್ಲಿ, ಪಾಯಿಂಟ್ ಇರುವುದೂ ಅದರೊಳಗೇ. ನಿಮ್ಮ ಪತ್ರದಲ್ಲೇ ಅದರ ಸುಳಿವಿದೆ: ಪಾಯಿಂಟ್ ಬದಲಾಯಿಸಿದ ಮೇಲೆ ನಾಕಿಂಗ್ ಬಂತು.

ಪಾಯಿಂಟ್ ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಮುಂಚೆಯೇ ಹಾರುತ್ತದೆ, ಅಂದರೆ ಟೈಮಿಂಗ್ ತಾನಾಗಿಯೇ ಅಡ್ವಾನ್ಸ್ ಆಗುತ್ತದೆ. ಗ್ಯಾಪ್ ಕಡಿಮೆಯಾದರೆ ರಿಟಾರ್ಡ್. ಹಾಗಾಗಿ ಪಾಯಿಂಟ್ ಮುಟ್ಟಿದ ಮೇಲೆ ಟೈಮಿಂಗ್ ನೋಡಲೇಬೇಕು. ನಿಮ್ಮ ಗಾಡಿಗೆ ಹೊಸ ಪಾಯಿಂಟ್ ಹಾಕಿದಾಗ ಗ್ಯಾಪ್ ದೊಡ್ಡದಾಗಿ ಉಳಿದಿರಬೇಕು. ಆಮೇಲೆ ಬರೀ ಕಿವಿ ನಂಬಿ ಟೈಮಿಂಗ್ ಹಿಂದೆ ತಂದಾಗ ಅದು ಅತಿಯಾಗಿ ಹಿಂದೆ ಹೋಗಿದೆ. ಕಿಡಿ ತಡವಾದರೆ ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಒಳಗೆ ಉರಿ ನಡೆದಿರುತ್ತದೆ. ಪಿಸ್ಟನ್ ತಳ್ಳಬೇಕಾದ ಬಿಸಿ ಎಕ್ಸಾಸ್ಟಿಗೂ ನೀರಿಗೂ ಹೋಗುತ್ತದೆ. ರೇಡಿಯೇಟರ್ ಕುದಿಯುವುದು ಅದಕ್ಕೇ. ಅದಕ್ಕೆ ಪೆಟ್ರೋಲ್ ಹೆಚ್ಚಿಸಿದರೆ ಪ್ಲಗ್ ಕಪ್ಪಾಗದೆ ಇನ್ನೇನು?

ಸರಿಪಡಿಸುವುದು ಹೀಗೆ. ಪ್ಲಗ್‌ಗಳನ್ನು ತೊಳೆದು ಗ್ಯಾಪ್ 0.63 ಮಿ.ಮೀ.ಗೆ ತನ್ನಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಸ್ಟಾರ್ಟಿಂಗ್ ಹ್ಯಾಂಡಲ್‌ನಿಂದ ಎಂಜಿನ್ ತಿರುಗಿಸುತ್ತಾ ಪಾಯಿಂಟ್ ಪೂರ್ತಿ ತೆರೆದಿರುವಾಗ ಫೀಲರ್ ಗೇಜ್ ಹಾಕಿ: 0.35ರಿಂದ 0.40 ಮಿ.ಮೀ. ಒಂದು ಕಡೆ ನೋಡಿ ಬಿಡಬೇಡಿ, ಕ್ಯಾಮಿನ ನಾಲ್ಕೂ ಮೂಲೆಗಳಲ್ಲಿ ನೋಡಿ. ಒಂದೊಂದು ಮೂಲೆಯಲ್ಲಿ ಒಂದೊಂದು ಗ್ಯಾಪ್ ಬಂದರೆ ಬುಷ್ ಸವೆದು ಶಾಫ್ಟ್ ಅಲ್ಲಾಡುತ್ತಿದೆ ಎಂದರ್ಥ. ಆಗ ನಾಲ್ಕು ಸಿಲಿಂಡರಿಗೆ ನಾಲ್ಕು ಥರ ಟೈಮಿಂಗ್ ಆಗುತ್ತದೆ, ಬುಷ್ ಹಾಕಿಸದೆ ಅದು ಸರಿಹೋಗದು. ರೋಟರನ್ನು ಬೆರಳಲ್ಲಿ ಅದು ತಿರುಗುವ ದಿಕ್ಕಿಗೇ ಸ್ವಲ್ಪ ತಿರುಗಿಸಿ ಬಿಡಿ, ಸ್ಪ್ರಿಂಗ್ ಎಳೆದು ಸಲೀಸಾಗಿ ವಾಪಸ್ ಬರಬೇಕು. ತಡೆದು ತಡೆದು ಬಂದರೆ, ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚೆ ತರುವ ಕೆಳಗಿನ ತೂಕಗಳು ಹಿಡಿದುಕೊಂಡಿವೆ. ಬಾರದೇ ಹೋದರೆ ಸ್ಪ್ರಿಂಗ್ ಕಳಚಿದೆ ಅಥವಾ ಮುರಿದಿದೆ. ರೋಟರ್ ಕೆಳಗಿನ ಸ್ಕ್ರೂ ಮೇಲೆ ಎರಡು ಹನಿ ಎಂಜಿನ್ ಆಯಿಲ್ ಬಿಡುವುದನ್ನು ಈಗಿನವರು ಮರೆತೇಬಿಟ್ಟಿದ್ದಾರೆ, ನೀವು ಮರೆಯಬೇಡಿ.

ಇನ್ನು ಟೈಮಿಂಗ್. ಒಂದು 12 ವೋಲ್ಟ್ ಬಲ್ಬು ಸಾಕು. ಬಲ್ಬಿನ ಒಂದು ವೈರು ಡಿಸ್ಟ್ರಿಬ್ಯೂಟರ್ ಪಕ್ಕದ ಟರ್ಮಿನಲ್ಲಿಗೆ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್ ಮಾಡಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ಕೆಳಗಿನ ಪುಲ್ಲಿಯ ಕಚ್ಚು ಟೈಮಿಂಗ್ ಕವರಿನ ಮುಳ್ಳುಗಳ ಹತ್ತಿರ ಬರುತ್ತದೆ. ಉದ್ದನೆಯ ಮುಳ್ಳು ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಜಾಗ), ಉಳಿದವು 5 ಮತ್ತು 10 ಡಿಗ್ರಿ. ಬಲ್ಬು ಯಾವ ಗುರುತಿನಲ್ಲಿ ಹತ್ತಿಕೊಳ್ಳುತ್ತದೋ ಅಲ್ಲೇ ನಿಮ್ಮ ಕಿಡಿ. ಟಿಡಿಸಿಗೆ 5 ಡಿಗ್ರಿ ಮುಂಚೆ ಹತ್ತುವಂತೆ ಮೊದಲು ಇಟ್ಟುಕೊಳ್ಳಿ. ಗುರುತು ದಾಟಿದರೆ ಅಲ್ಲಿಂದಲೇ ಚೂರು ಹಿಂದೆ ತರಬೇಡಿ, ಚೈನಿನ ಸಡಿಲು ಲೆಕ್ಕ ತಪ್ಪಿಸುತ್ತದೆ. ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ. ಆಮೇಲೆ ಗಾಡಿಯನ್ನು ಘಾಟಿಗೇ ಒಯ್ದು ನೋಡಿ. ಏರಿನಲ್ಲಿ ಪೂರ್ತಿ ಒತ್ತಿದಾಗ ತುಸುವೇ ನಾಕಿಂಗ್ ಕೇಳಿ ಕೂಡಲೇ ನಿಂತರೆ ಅಲ್ಲಿಗೆ ಬಿಡಿ. ನಾಕಿಂಗ್ ನಿಲ್ಲದೆ ಹಾಗೇ ಇದ್ದರೆ ಡಿಸ್ಟ್ರಿಬ್ಯೂಟರಿನ ಸಣ್ಣ ತಿರುಪನ್ನು ಆರ್ (ರಿಟಾರ್ಡ್) ಗುರುತಿನ ಕಡೆ ಸ್ವಲ್ಪ ತಿರುಗಿಸಿ.

ಇಷ್ಟಾದ ಮೇಲೆ ಕಾರ್ಬುರೇಟರ್. ಮೇಲಿನ ಡ್ಯಾಶ್‌ಪಾಟಿಗೆ 20 ಗ್ರೇಡ್ ಆಯಿಲ್ ಹಾಕಿ. ಅದು ಒಣಗಿದ್ದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಮುಗ್ಗರಿಸುತ್ತದೆ. ಕಾರ್ಬುರೇಟರಿನೊಳಗಿನ ಪಿಸ್ಟನ್ ಎತ್ತಿ ಬಿಟ್ಟರೆ ಟಕ್ಕೆಂದು ಬೀಳಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಐಡ್ಲಿಂಗಿನಲ್ಲಿ ಆ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ. ಎಂಜಿನ್ ವೇಗ ಕ್ಷಣ ಏರಿ ಮಾಮೂಲಿಗೆ ಬಂದರೆ ಮಿಕ್ಸ್ಚರ್ ಸರಿಯಿದೆ. ಏರಿ ಹಾಗೇ ನಿಂತರೆ ರಿಚ್ (ಪೆಟ್ರೋಲ್ ಹೆಚ್ಚು), ಕೆಳಗಿನ ನಟ್ಟನ್ನು ಮೇಲಕ್ಕೆ ತಿರುಗಿಸಿ. ಆರಿಹೋಗುವಂತಾದರೆ ಲೀನ್ (ಪೆಟ್ರೋಲ್ ಕಡಿಮೆ), ಕೆಳಕ್ಕೆ. ಒಂದು ಸಲಕ್ಕೆ ಒಂದೇ ಮುಖ, ಅಂದರೆ ಆರನೇ ಒಂದು ಸುತ್ತು. ಈ ಕೆಲಸವನ್ನು ಮಡಿಕೇರಿಯಲ್ಲೇ ಮಾಡಿಸಿ. 1,100 ಮೀಟರಿಗೂ ಎತ್ತರದ ಊರು, ಅಲ್ಲಿನ ಗಾಳಿ ಮಂಗಳೂರಿಗಿಂತ ಸುಮಾರು ಹತ್ತರಲ್ಲೊಂದು ಪಾಲು ತೆಳು. ಕೆಳಗೆ ಸೆಟ್ ಮಾಡಿದ ಗಾಡಿ ಮೇಲೆ ಬಂದಾಗ ರಿಚ್ ಆಗಿಯೇ ಓಡುತ್ತದೆ.

ಪ್ರಶ್ನೆ: ಪ್ರೀಮಿಯರ್ ಪದ್ಮಿನಿ ಇದೆ. ಈಗಿನ ಇ20 ಪೆಟ್ರೋಲ್ ಹಾಕಿದ ಮೇಲೆ ಎಳೆತ ಕಡಿಮೆ, ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ. ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ನೋಡಿದೆ, ಪ್ರಯೋಜನವಿಲ್ಲ.
– ಓದುಗರು, ಧಾರವಾಡ

ಉತ್ತರ: ವಾಸನೆ ಮೊದಲು, ಅದು ಬೆಂಕಿಯ ವಿಷಯ. ನೂರರಲ್ಲಿ 20 ಪಾಲು ಎಥನಾಲ್ ಇರುವ ಪೆಟ್ರೋಲಿಗೆ ಹಳೇ ರಬ್ಬರು ತಡೆಯುವುದಿಲ್ಲ, ಮೆತ್ತಗಾಗುತ್ತದೆ, ಬಿರಿಯುತ್ತದೆ. ಎಥನಾಲ್ ತಡೆಯುವ ಪೈಪು ಹಾಕಿಸಿ, ಪೆಟ್ರೋಲ್ ಪಂಪಿನ ಡಯಾಫ್ರಂ ನೋಡಿಸಿ. ಅಲ್ಲಿಯವರೆಗೆ ಗಾಡಿ ತೆಗೆಯಬೇಡಿ.

ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಕ್ಸ್ಚರ್ ಲೀನ್ ಆಗುತ್ತದೆ. ನೀವು ತಿರುಗಿಸಿದ ಸ್ಕ್ರೂ ಸೋಲೆಕ್ಸ್ ಕಾರ್ಬುರೇಟರಿನಲ್ಲಿ ಐಡ್ಲಿಂಗಿಗೆ ಮಾತ್ರ, ರಸ್ತೆಯಲ್ಲಿ ಓಡುವಾಗ ಪೆಟ್ರೋಲ್ ಕೊಡುವುದು ಮೇನ್ ಜೆಟ್. ಬಲ್ಲವರಿಂದ ಒಂದು ಮೆಟ್ಟಿಲು ದೊಡ್ಡ ಜೆಟ್ ಹಾಕಿಸಿ, ಸ್ವಲ್ಪ ದೂರ ಓಡಿಸಿ ಪ್ಲಗ್ ತೆಗೆದು ನೋಡಿ. ತಿಳಿ ಕಂದು ಬಣ್ಣ ಬಂದರೆ ಸರಿ, ಬೆಳ್ಳಗಿದ್ದರೆ ಇನ್ನೂ ಲೀನ್. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಫ್ಲೋಟ್ ಚೇಂಬರ್ ಖಾಲಿ ಮಾಡಿಡಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ನೀರು ತಳದಲ್ಲಿ ಕೂತು ಜೆಟ್ ಕಟ್ಟಿಸುತ್ತದೆ.

ಪ್ರಶ್ನೆ: ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ದಿನಾ ಓಡಿಸುವವರಾದರೆ ಧಾರಾಳವಾಗಿ ಹಾಕಿಸಿ, ಗ್ಯಾಪ್ ಸವೆಯುವ ಗೋಳು ತಪ್ಪುತ್ತದೆ. ಆದರೆ ತೂಕ, ಸ್ಪ್ರಿಂಗು, ವ್ಯಾಕ್ಯೂಮ್ ಡಯಾಫ್ರಂ ಹಳೆಯವೇ ಇರುತ್ತವೆ, ಅವನ್ನು ಮೊದಲು ಸರಿಮಾಡಿಸಿ. ಬಿಚ್ಚಿದ ಪಾಯಿಂಟ್ ಪ್ಲೇಟ್, ಕಂಡೆನ್ಸರ್ ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಕಿಟ್ ಕೈಕೊಟ್ಟರೆ ದಾರಿಯಲ್ಲಿ ಅದನ್ನು ರಿಪೇರಿ ಮಾಡಲಾಗದು, ಪಾಯಿಂಟಾದರೆ ಒಂದು ಸ್ಕ್ರೂಡ್ರೈವರಿನಲ್ಲಿ ಹಾಕಿ ಮನೆ ಸೇರಬಹುದು.