ಗ್ಯಾರೇಜ್ ಕಟ್ಟೆ: ಡೆಲ್ಕೋ ತಿರುಗಿಸುವ ಮೊದಲು

ಪ್ರಶ್ನೆ: ಸರ್, ನಮ್ಮಜ್ಜನ ಪ್ರೀಮಿಯರ್ ಪದ್ಮಿನಿ ಈಗ ನನ್ನ ಕೈಗೆ ಬಂದಿದೆ. ಹೆಡ್ ಫೇಸಿಂಗ್ ಮಾಡಿಸಿ (ಎಂಜಿನ್ ಹೆಡ್‌ನ ತಳ ಸ್ವಲ್ಪ ಉಜ್ಜಿಸಿ) ಕಂಪ್ರೆಷನ್ ಏರಿಸಿದ್ದೇನೆ, ಕ್ಯಾಮ್‌ಶಾಫ್ಟ್ ಬದಲಿಸಿದ್ದೇನೆ. ಆದರೆ 4,500 ಆರ್‌ಪಿಎಂ ದಾಟಿದರೆ ಮಿಸ್ ಹೊಡೆಯುತ್ತದೆ. ಎಲೆಕ್ಟ್ರಾನಿಕ್ ಆಗಿ ಕಿಡಿ ಕೊಡುವ ಸಿಡಿಐ ಬಾಕ್ಸ್ ಹಾಕಿಸಲಾ?
(ಓದುಗರು, ಗೋಕಾಕ)

ಉತ್ತರ: ಬಾಕ್ಸ್ ಇರಲಿ, ಮೊದಲು ರಾತ್ರಿ ಹೊತ್ತು ಬಾನೆಟ್ ಎತ್ತಿ, ಲೈಟ್ ಆರಿಸಿ ಎಂಜಿನ್ ಚಾಲೂ ಮಾಡಿ. ಪ್ಲಗ್ ವೈರ್ ಮೇಲೆ ನೀಲಿ ಕಿಡಿ ಹರಿದಾಡಿದರೆ ಕರೆಂಟ್ ದಾರಿಯಲ್ಲೇ ಸೋರುತ್ತಿದೆ. ವೈರ್, ಡೆಲ್ಕೋದ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪ್, ರೋಟರ್ ಹೊಸದು ಹಾಕಿ. ಕೈ ಮಾತ್ರ ಹಚ್ಚಬೇಡಿ, ಜೋರಾಗಿ ಒದೆಯುತ್ತದೆ!

ಸೋರಿಕೆ ಇಲ್ಲ ಅಂದರೆ ಪಾಯಿಂಟ್ ಕಡೆ ನೋಡಿ. ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್‌ನ ಕರೆಂಟ್ ಹಚ್ಚಿ ಆರಿಸುವ, ಡೆಲ್ಕೋ ಒಳಗಿನ ಸ್ವಿಚ್ ಅದು. ನಾಲ್ಕು ಸಿಲಿಂಡರ್ ಎಂಜಿನ್ 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಕಿಡಿ ಕೇಳುತ್ತದೆ. ಒಂದು ಕಿಡಿಗೆ ಸಿಗುವುದು 5 ಮಿಲಿಸೆಕೆಂಡ್. ಅದರಲ್ಲೇ ಪಾಯಿಂಟ್ ಮುಚ್ಚಬೇಕು, ಕಾಯಿಲ್ ತುಂಬಬೇಕು, ಮತ್ತೆ ಪಾಯಿಂಟ್ ತೆರೆಯಬೇಕು. ಹಳೇ ಸ್ಪ್ರಿಂಗ್ ಸೋತಿದ್ದರೆ ಪಾಯಿಂಟ್ ಕುಣಿಯುತ್ತದೆ, ಕಾಯಿಲ್ ಅರ್ಧಂಬರ್ಧ ತುಂಬುತ್ತದೆ. ಮೇಲಿಂದ ನೀವು ಕಂಪ್ರೆಷನ್ ಬೇರೆ ಏರಿಸಿದ್ದೀರಿ. ಒತ್ತಿದ ಗಾಳಿಯಲ್ಲಿ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಸಂದಿ ಅಳೆಯುವ ಫೀಲರ್ ಗೇಜ್ ಹಿಡಿದು ಪ್ಲಗ್ ಗ್ಯಾಪ್ 0.6 ಮಿಮೀಗೆ ಇಳಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಮಿಸ್ ನಿಲ್ಲುತ್ತದೆ.

ಆಮೇಲೂ ಖರ್ಚು ಮಾಡುವ ಮನಸ್ಸಿದ್ದರೆ ಪಾಯಿಂಟ್ ತೆಗೆದು ಡೆಲ್ಕೋ ಒಳಗೆ ಮ್ಯಾಗ್ನೆಟಿಕ್ ಪಿಕಪ್ (ತಾಗದೆಯೇ ಕೆಲಸ ಮಾಡುವ ಸೆನ್ಸರ್) ಕೂರಿಸಿ, ಅದಕ್ಕೆ ಹೊಂದುವ ಕಾಯಿಲ್ ಹಾಕಿ. ಆ ಕಡಿಮೆ ಓಮ್ ಕಾಯಿಲನ್ನು ಪಾಯಿಂಟ್‌ಗೇ ಜೋಡಿಸಿದರೆ ಪಾಯಿಂಟ್ ಸುಟ್ಟುಹೋಗುತ್ತದೆ, ಹುಷಾರ್. ಸಿಡಿಐ ಕಿಡಿ ಚುರುಕು, ಆದರೆ ಗಳಿಗೆಯೂ ನಿಲ್ಲುವುದಿಲ್ಲ. ರೇಸ್ ಗಾಡಿಗೆ ಚೆಂದ. ಸಂತೆಗೆ ಹೋಗಿ ಬರುವ ಪದ್ಮಿನಿಗೆ ಸುಮ್ನೆ ಯಾಕೆ?

ಇನ್ನು ಟೈಮಿಂಗ್, ಅಂದರೆ ಕಿಡಿ ಯಾವಾಗ ಹಾರಬೇಕು ಅನ್ನುವುದು. ನಮ್ಮ ಕಡೆ ಮೇಸ್ತ್ರಿಗಳು ಡೆಲ್ಕೋ ತಿರುಗಿಸಿ ಕಿವಿಗೊಟ್ಟು ಇಡುತ್ತಾರೆ. ನಾನೂ ಹಂಗೇ ಇಡುತ್ತಿದ್ದೆ. ಒಮ್ಮೆ ಗಿರಾಕಿಯೊಬ್ಬರ ಗಾಡಿಗೆ ಅಡ್ವಾನ್ಸ್ ಹೆಚ್ಚಾಗಿ (ಕಿಡಿ ಬೇಕಾದ್ದಕ್ಕಿಂತ ಮೊದಲೇ ಹಾರಿ) ಮೂರನೇ ಪಿಸ್ಟನ್ ತೂತು ಬಿತ್ತು, ಕಿರುಬೆರಳು ತೂರುವಷ್ಟು. ಬೆಳಗಾವಿ ಉದ್ಯಮಬಾಗದ ನನ್ನ ಗ್ಯಾರೇಜಿನಲ್ಲಿ ಅದು ಈಗ ಪೆನ್ ಸ್ಟ್ಯಾಂಡ್. ಅಂದಿನಿಂದ ಟೈಮಿಂಗ್ ಲೈಟ್ (ಕಿಡಿಯ ಹೊತ್ತು ತೋರಿಸುವ ಮಿನುಗು ದೀಪ) ಇಲ್ಲದೆ ಡೆಲ್ಕೋ ಮುಟ್ಟಿಲ್ಲ.

ಕಂಪ್ರೆಷನ್ ಏರಿದರೆ ಪೆಟ್ರೋಲ್ ಬೇಗ ಉರಿಯುತ್ತದೆ, ಅಡ್ವಾನ್ಸ್ ಕಡಿಮೆಯೇ ಸಾಕು. ಐಡಲ್‌ನಲ್ಲಿ ನೋಡಿ ಬಿಡಬೇಡಿ. ರೇಸ್ ಕೊಟ್ಟು, ಒಳಗಿನ ತೂಕದ ಬಿಲ್ಲೆಗಳು ಪೂರ್ತಿ ಅಗಲಿಸಿಕೊಂಡಾಗ ಒಟ್ಟು ಎಷ್ಟು ಅಂತ ಅಳೆಯಿರಿ. 28 ಡಿಗ್ರಿಯಿಂದ ಶುರು ಮಾಡಿ, ಎರಡೆರಡು ಡಿಗ್ರಿ ಏರಿಸಿ. ಪ್ರತಿ ಸಲ ಏರಿನಲ್ಲಿ ಮೇಲಿನ ಗೇರಿನಲ್ಲೇ ಎಳೆದು ನೋಡಿ. ಗೋವಾದಿಂದ ಬರುವಾಗ ಚೋರ್ಲಾ ಘಾಟ್ ಸಿಕ್ಕರೆ ಇನ್ನೂ ಒಳ್ಳೆಯದು. ಡಬ್ಬಿಯೊಳಗೆ ಗೋವಿನಜೋಳ ಅಲ್ಲಾಡಿಸಿದ ಹಾಗೆ ಸದ್ದು ಬಂದರೆ ಅದೇ ನಾಕಿಂಗ್, ಪೆಟ್ರೋಲ್ ತಾನಾಗಿ ಸಿಡಿಯುವ ಸದ್ದು. ಆಕ್ಸಿಲರೇಟರ್ ಬಿಟ್ಟು, ಗಾಡಿ ಬದಿಗೆ ನಿಲ್ಲಿಸಿ ಎರಡು ಡಿಗ್ರಿ ಹಿಂದಕ್ಕೆ ತನ್ನಿ.

ಪ್ರಶ್ನೆ: ವಿಜಯಪುರದ ಬಿಸಿಲಿಗೆ ಕೋಲ್ಡ್ ಪ್ಲಗ್ ಹಾಕಬೇಕಂತೆ, ಹೌದಾ ಸರ್?

ಉತ್ತರ: ಹೊರಗಿನ 42 ಡಿಗ್ರಿ ಪ್ಲಗ್‌ಗೆ ಲೆಕ್ಕಕ್ಕೇ ಇಲ್ಲ, ಅದರ ತುದಿ ನೂರಾರು ಡಿಗ್ರಿಯಲ್ಲಿ ಕಾದಿರುತ್ತದೆ. ಕೋಲ್ಡ್ ಅಂದರೆ ಕಾವನ್ನು ಬೇಗ ಹೆಡ್‌ಗೆ ದಾಟಿಸುವ ಪ್ಲಗ್. ಎಂಜಿನ್‌ಗೆ ಟರ್ಬೊ ಹಾಕಿದ್ದರೆ, ಕಂಪ್ರೆಷನ್ ಏರಿಸಿದ್ದರೆ ಮಾತ್ರ ಬೇಕು. ಇಲ್ಲದಿದ್ದರೆ ಮಸಿ ಕಟ್ಟುತ್ತದೆ. ಅಂಗಡಿಯಲ್ಲಿ ನಂಬರ್ ನೋಡಿ ಕೊಳ್ಳಿ: ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ಕೋಲ್ಡ್, ಬಾಷ್‌ನಲ್ಲಿ ಉಲ್ಟಾ.