ಬಾಕ್ಸಿಂಗ್ ಜೊತೆಗೆ ಮೈಲಿ ಓಟದ ಟೈಮಿಂಗ್ ಇಳಿಸುವುದು ಹೇಗೆ?

ದಿನಾ ಬೆಳಿಗ್ಗೆ ಜಿಲ್ಲಾ ಕ್ರೀಡಾಂಗಣದಲ್ಲಿ 5 ಕಿ.ಮೀ. ಓಡುತ್ತೀರಿ, 26 ನಿಮಿಷ ಆಗುತ್ತದೆ, ಸಂಜೆ ಬಾಕ್ಸಿಂಗ್. ಮೈಲಿ ಮಾತ್ರ 7:40ಕ್ಕಿಂತ ಕೆಳಗಿಳಿಯುತ್ತಿಲ್ಲ. ಕೋಚ್ 7 ನಿಮಿಷದೊಳಗೆ ಬಾ ಅನ್ನುತ್ತಿದ್ದಾರೆ, ಎದುರಾಳಿ ಜೊತೆಗಿನ ಅಭ್ಯಾಸದ ಕಾದಾಟವಾದ ಸ್ಪಾರಿಂಗ್‌ನಲ್ಲಿ ಮೂರನೇ ರೌಂಡಿಗೆ ಏದುಸಿರು. ಹಾಗಾದರೆ ದಿನದ ಓಟವನ್ನು ಇನ್ನೂ ಜೋರು ಮಾಡಬೇಕಾ ಎಂದು ಕೇಳಿದ್ದೀರಿ.

ಬೇಡ. ವಾರದಲ್ಲಿ ಹೆಚ್ಚಿನ ದಿನ ಈಗ ಓಡುವುದಕ್ಕಿಂತ ನಿಧಾನವಾಗಿ ಓಡಿ.

ನಾನು ಕೆಲವು ವರ್ಷ ಅಮೆಚೂರ್ ಆಗಿ ಆಡಿದವನು, ಈಗ ಮೈಸೂರಿನ ಒಂದು ಬಾಕ್ಸಿಂಗ್ ಹಾಲ್‌ನಲ್ಲಿ ಹೊಸ ಹುಡುಗರಿಗೆ ಫಿಟ್‌ನೆಸ್ ಮಾಡಿಸುತ್ತೇನೆ. ಬರುವವರಲ್ಲಿ ಬಹಳ ಜನರದ್ದು ನಿಮ್ಮದೇ ಕಥೆ. ನೀವು ಕೊಟ್ಟ ಲೆಕ್ಕವನ್ನೇ ನೋಡಿ. 26 ನಿಮಿಷಕ್ಕೆ 5 ಕಿ.ಮೀ. ಎಂದರೆ ಕಿಲೋಮೀಟರಿಗೆ 5:12. ಜೀವ ಬಿಟ್ಟು ಓಡಿದ ಮೈಲಿಯಲ್ಲಿ ಕಿಲೋಮೀಟರಿಗೆ ಸುಮಾರು 4:46. ಎರಡಕ್ಕೂ ಇರುವ ಅಂತರ ಬರೀ 26 ಸೆಕೆಂಡ್! ನೀವು ಪ್ರಾಕ್ಟೀಸ್ ಮಾಡುತ್ತಿಲ್ಲ, ದಿನಾ ಬೆಳಿಗ್ಗೆ ರೇಸ್ ಓಡುತ್ತಿದ್ದೀರಿ. ಅತ್ತ ದೇಹ ಚೇತರಿಸಿಕೊಳ್ಳುವಷ್ಟು ನಿಧಾನವೂ ಅಲ್ಲ, ಇತ್ತ 7 ನಿಮಿಷದ ವೇಗ ಕಾಲಿಗೆ ರೂಢಿಯಾಗುವಷ್ಟು ಜೋರೂ ಅಲ್ಲ. ಸಂಜೆ ಅದೇ ದಣಿದ ಕಾಲಲ್ಲಿ ರಿಂಗ್‌ಗೆ ಇಳಿಯುತ್ತೀರಿ.

ಏಳು ನಿಮಿಷದ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆಮ್ಲಜನಕದ ದಾರಿಯಿಂದಲೇ ಬರುತ್ತದೆ. ಆ ದಾರಿ ಅಗಲವಾಗುವುದು ನಿಧಾನದ ಓಟದಲ್ಲಿ: ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಹೆಚ್ಚುತ್ತವೆ. ರಿಂಗ್‌ನಲ್ಲಿ ಇದರ ಉಪಯೋಗ ಒಂದು ನಿಮಿಷದ ಬಿಡುವಿನಲ್ಲಿ ಗೊತ್ತಾಗುತ್ತದೆ. ಕಾಂಬಿನೇಷನ್, ಅಂದರೆ ಒಂದರ ಹಿಂದೆ ಒಂದು ಪಂಚ್ ಬಿಡುವಾಗ ಖರ್ಚಾದ ಫಾಸ್ಫೋಕ್ರಿಯಾಟಿನ್ (ಸ್ನಾಯುವಿನಲ್ಲಿ ತಕ್ಷಣಕ್ಕೆ ಸಿಗುವ ಶಕ್ತಿಯ ದಾಸ್ತಾನು) ಮತ್ತೆ ತುಂಬಿಕೊಳ್ಳಲು ಆಮ್ಲಜನಕ ಬೇಕು. ಸ್ಟೂಲ್ ಮೇಲೆ ಕೂತ ಆ 60 ಸೆಕೆಂಡಿನಲ್ಲಿ ಯಾರಿಗೆ ಉಸಿರು ಬೇಗ ಇಳಿಯುತ್ತದೋ ಅವರೇ ಮುಂದಿನ ರೌಂಡಿನಲ್ಲಿ ಕೈ ಎತ್ತುತ್ತಾರೆ.

ಹಾಗಾಗಿ ವಾರಕ್ಕೆ ಮೂರು ದಿನ 40 ನಿಮಿಷ, ಕಿಲೋಮೀಟರಿಗೆ 6:30ರಿಂದ 7 ನಿಮಿಷ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಆಗದಿದ್ದರೆ ಇನ್ನೂ ನಿಧಾನ ಮಾಡಿ. ಇದು ಹೇಳಿದಷ್ಟು ಸುಲಭವಲ್ಲ. ಹಿಂದಿನಿಂದ ಯಾರಾದರೂ ದಾಟಿ ಹೋದರೆ ಬಾಕ್ಸರ್ ಹುಡುಗರಿಗೆ ತಡೆಯುವುದಿಲ್ಲ, ಅವರ ಹಿಂದೆ ಬೀಳುತ್ತಾರೆ. ಹೋಗುವವರು ಹೋಗಲಿ ಬಿಡಿ.

ವೇಗದ ಕೆಲಸ ವಾರಕ್ಕೆ ಒಂದೇ ದಿನ, ಆದರೆ ಆ ದಿನ ಗುರಿ ಇಟ್ಟು. 7 ನಿಮಿಷದ ಮೈಲಿಗೆ 400 ಮೀಟರಿನ ಒಂದು ಸುತ್ತು ಸುಮಾರು 1:44ರಲ್ಲಿ ಮುಗಿಯಬೇಕು. ಹದಿನೈದು ನಿಮಿಷ ವಾರ್ಮಪ್ ಆದ ಮೇಲೆ ಅದೇ 1:44ರಲ್ಲಿ ಆರು ಸುತ್ತು, ನಡುನಡುವೆ ಎರಡು ನಿಮಿಷ ನಡಿಗೆ. ಮೊದಲನೆಯದನ್ನು 1:30ಕ್ಕೆ ಓಡಿ ಕೊನೆಯದನ್ನು 2 ನಿಮಿಷಕ್ಕೆ ಎಳೆದರೆ ಅದು ಲೆಕ್ಕಕ್ಕಿಲ್ಲ, ಆರೂ ಒಂದೇ ಸಮ ಬರಬೇಕು. ಎರಡು ಮೂರು ವಾರ ಹೀಗೆ ಸಲೀಸಾಗಿ ಬಂದರೆ 1:42ಕ್ಕೆ ಇಳಿಸಿ, ಆಮೇಲೆ 800 ಮೀಟರ್ ಮೂರು ಸಲ, ಒಂದೊಂದೂ 3:28ರಲ್ಲಿ, ನಡುವೆ ಮೂರು ನಿಮಿಷ ಬಿಡುವು. ಈ 800 ನನಗೆ ಇಷ್ಟ. ಮೂರೂವರೆ ನಿಮಿಷದ ಕೆಲಸ ಹತ್ತಿರ ಹತ್ತಿರ ಒಂದು ರೌಂಡಿನಷ್ಟೇ, ಇನ್ನೂ ಮುಗಿದಿಲ್ಲವಲ್ಲ ಎನ್ನಿಸುವ ಆ ಘಟ್ಟ ಎರಡರಲ್ಲೂ ಒಂದೇ ಥರ ಬರುತ್ತದೆ. ನಿಧಾನದ ಓಟದ ಎರಡು ದಿನ ಕೊನೆಗೆ 80 ಮೀಟರಿನ ನಾಲ್ಕೈದು ಸಡಿಲ ಓಟ ಸೇರಿಸಿಕೊಳ್ಳಿ. ದಮ್ಮು ಕಟ್ಟಿದ ಸ್ಪ್ರಿಂಟ್ ಅಲ್ಲ, ಹೆಜ್ಜೆ ಚುರುಕಾಗಲಿ ಎಂದಷ್ಟೇ.

1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಮೊದಲ ಬಾರಿಗೆ 4 ನಿಮಿಷದೊಳಗೆ, 3:59.4ಕ್ಕೆ ಮೈಲಿ ಓಡಿದ ರೋಜರ್ ಬ್ಯಾನಿಸ್ಟರ್ ಕೂಡ ಮಾಡುತ್ತಿದ್ದದ್ದು ಇಂಥದ್ದೇ ಕೆಲಸ: 440 ಗಜದ (ಕಾಲು ಮೈಲಿಯ) ಹತ್ತು ಸುತ್ತು, ನಡುವೆ ಎರಡು ನಿಮಿಷ ಬಿಡುವು. ಆತ ಆಗ ಮೆಡಿಕಲ್ ವಿದ್ಯಾರ್ಥಿ, ಮಧ್ಯಾಹ್ನದ ಊಟದ ಹೊತ್ತಲ್ಲಿ ಪ್ರಾಕ್ಟೀಸ್. ಆ ವರ್ಷ ಏಪ್ರಿಲ್‌ನಲ್ಲಿ ಸುತ್ತಿನ ಟೈಮಿಂಗ್ 61 ಸೆಕೆಂಡಿಗೆ ಅಂಟಿಕೊಂಡು ಕೂತಿತು. ಆತ ಇನ್ನಷ್ಟು ಓಡಲು ಹೋಗಲಿಲ್ಲ. ಗೆಳೆಯ ಕ್ರಿಸ್ ಬ್ರಾಷರ್ ಜೊತೆ ಸ್ಕಾಟ್ಲೆಂಡಿಗೆ ಹೋಗಿ ಕೆಲವು ದಿನ ಬಂಡೆ ಹತ್ತಿಕೊಂಡಿದ್ದು, ಓಟಕ್ಕೆ ಪೂರ್ತಿ ರಜೆ ಕೊಟ್ಟ. ವಾಪಸ್ ಬಂದ ಮೇಲೆ 59 ಬಂತು. ಬಂಡೆ ಹತ್ತುವುದು ನಿಮಗೆ ಬೇಡ, ಕೈಗೆ ಪೆಟ್ಟಾದರೆ ಕೋಚ್ ಬೈಯುತ್ತಾರೆ. ಆದರೆ ಮೂರು ವಾರ ಜೋರು ಮಾಡಿದ ಮೇಲೆ ನಾಲ್ಕನೇ ವಾರ ಓಟವನ್ನು ಅರ್ಧಕ್ಕೆ ಇಳಿಸಿ, ಅದರ ಕೊನೆಗೆ ಮೈಲಿ ಟೆಸ್ಟ್ ಇಟ್ಟುಕೊಳ್ಳಿ.

ಯೂಟ್ಯೂಬ್‌ನಲ್ಲಿ ಸೇನಾ ಭರ್ತಿಯ 1600 ಮೀಟರ್ ಓಟಕ್ಕೆಂದು ಇರುವ ಪ್ಲಾನ್‌ಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಆ ಹುಡುಗರು ಸಂಜೆ ಬಂದು ಸ್ಪಾರಿಂಗ್‌ನಲ್ಲಿ ಏಟು ತಿನ್ನುವುದಿಲ್ಲ. ನಿಮಗೆ ಸ್ಪಾರಿಂಗ್ ದಿನವೇ ಒಂದು ಜೋರು ದಿನ. ಮಂಗಳವಾರ, ಶುಕ್ರವಾರ ಸ್ಪಾರಿಂಗ್ ಇದ್ದರೆ ಆ ವೇಗದ ಸುತ್ತುಗಳು (ಇಂಟರ್ವಲ್) ಭಾನುವಾರಕ್ಕೆ ಹೋಗಲಿ. ಹಿಂದಿನ ವೃತ್ತಿಪರ ಬಾಕ್ಸರ್‌ಗಳು ನಸುಕಲ್ಲೇ ಎದ್ದು ಮೈಲಿಗಟ್ಟಲೆ ಓಡುತ್ತಿದ್ದರಲ್ಲ ಎಂದು ಕೆಲವರು ಹೇಳುತ್ತಾರೆ. ನಿಜ, ಮೊಹಮ್ಮದ್ ಅಲಿ ಭಾರದ ಬೂಟು ಹಾಕಿಕೊಂಡೇ ಓಡುತ್ತಿದ್ದರು. ಆದರೆ ಅವರ ಕಾಲದಲ್ಲಿ ವಿಶ್ವ ಪ್ರಶಸ್ತಿ ಪಂದ್ಯ 15 ರೌಂಡ್. ನೀವು ಆಡುವುದು ಮೂರು ನಿಮಿಷದ ಮೂರು ರೌಂಡ್. ಬೂಟಂತೂ ಬೇಡವೇ ಬೇಡ.

ಇನ್ನು ಟೆಸ್ಟ್ ವಿಷಯ. ನಮ್ಮ ಸ್ಟೇಡಿಯಂಗಳಲ್ಲಿ ಬೆಳಿಗ್ಗೆ ಒಳಗಿನ ಲೇನ್ ತುಂಬ ವಾಕಿಂಗ್‌ನವರೇ ಇರುತ್ತಾರೆ, ಓಡುವವರು ಅವರನ್ನು ಬಳಸಿಕೊಂಡು ಹೊರಗೆ ಹೋಗುತ್ತಾರೆ. 400 ಮೀಟರ್ ಅನ್ನುವುದು ಒಂದನೇ ಲೇನಿನ ಅಳತೆ. ನಾಲ್ಕನೇ ಲೇನಿನಲ್ಲಿ ಒಂದು ಸುತ್ತು ಸುಮಾರು 422 ಮೀಟರ್, ನಾಲ್ಕು ಸುತ್ತಿಗೆ ಮೈಲಿಗಿಂತ 80 ಮೀಟರ್ ಹೆಚ್ಚು. ನೀವು ಹಾಗೆ ಓಡಿದ್ದರೆ ನಿಮ್ಮ 7:40 ಅಸಲಿಗೆ 7:20ರ ಆಸುಪಾಸು ಇರುತ್ತದೆ, ಸುಮ್ಮನೆ ಬೇಜಾರು ಮಾಡಿಕೊಂಡಿದ್ದೀರಿ. ಜನ ಕಡಿಮೆ ಇರುವ ಹೊತ್ತು ನೋಡಿ ಒಂದನೇ ಲೇನಿನಲ್ಲೇ ಓಡಿ. ನಾಲ್ಕು ಸುತ್ತು 1600, ಮೈಲಿ 1609 ಮೀಟರ್, ಉಳಿದ 9 ಮೀಟರಿಗೆ ಎರಡೂವರೆ ಸೆಕೆಂಡ್ ಸೇರಿಸಿಕೊಂಡರೆ ಸಾಕು. ಮೊದಲ ಸುತ್ತು 1:45ಕ್ಕಿಂತ ಬೇಗ ಬೇಡ, ಎಷ್ಟೇ ಹಗುರ ಅನ್ನಿಸಿದರೂ. ಟೈಮ್ ಕೈಜಾರುವುದು ಮೂರನೇ ಸುತ್ತಿನಲ್ಲಿ, ಶುರುವಿನ ಉತ್ಸಾಹ ಆರಿರುತ್ತದೆ, ಕೊನೆ ಇನ್ನೂ ಕಾಣುವುದಿಲ್ಲ. ಗಮನವನ್ನೆಲ್ಲ ಅಲ್ಲಿಗೆ ಉಳಿಸಿಟ್ಟುಕೊಳ್ಳಿ.

ಮೂರನೇ ರೌಂಡಿನ ಏದುಸಿರಿಗೆ ಓಟವೊಂದೇ ಮದ್ದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 6:20ಕ್ಕೆ ಮೈಲಿ ಓಡುವ ಹುಡುಗರು ಎರಡನೇ ರೌಂಡಿಗೇ ಸುಸ್ತಾಗುವುದನ್ನು ನೋಡಿದ್ದೇನೆ. ಹೆದರಿಕೆಗೆ ಭುಜ ಕಿವಿ ತನಕ ಏರಿರುತ್ತದೆ, ಮುಷ್ಟಿ ಮೂರು ನಿಮಿಷವೂ ಬಿಗಿ, ಪಂಚ್ ಬಿಡುವಾಗ ಉಸಿರು ಹಿಡಿದಿರುತ್ತಾರೆ. ಪ್ರತಿ ಪಂಚ್‌ಗೂ ಮೂಗಿನಿಂದ ಚೂರು ಗಾಳಿ ಹೊರಗೆ ಹೋಗಬೇಕು, ಮುಷ್ಟಿ ತಾಕುವ ಕ್ಷಣಕ್ಕೆ ಮಾತ್ರ ಬಿಗಿಯಾಗಬೇಕು. ಇದನ್ನು ಎದುರಾಳಿ ಇಲ್ಲದೆ ಗಾಳಿಗೆ ಪಂಚ್ ಬಿಡುವ ಶ್ಯಾಡೋ ಬಾಕ್ಸಿಂಗ್‌ನಲ್ಲೇ ರೂಢಿಸಿಕೊಳ್ಳಿ, ಸ್ಪಾರಿಂಗ್‌ನಲ್ಲಿ ನೆನಪಿಗೆ ಬರುವುದಿಲ್ಲ.

ಬಾಕ್ಸಿಂಗ್ ಶೂನಲ್ಲಿ ಓಡಬೇಡಿ, ಅದರ ಸೋಲ್ ತೆಳು. ತೂಕ ಇಳಿಸಲು ರೆಕ್ಸಿನ್ ಜಾಕೆಟ್ ಹಾಕಿಕೊಂಡು ಓಡಿದರೆ ಇಳಿಯುವುದು ನೀರು, ಒಣಗಿದ ಮೈಯಲ್ಲಿ ಓಡಿದ ಟೈಮಿಂಗ್‌ಗೆ ಬೆಲೆಯೂ ಇಲ್ಲ. ಓಟದ ಮೇಲೆ ಸ್ಕಿಪ್ಪಿಂಗ್ ಬೇರೆ ಇರುವುದರಿಂದ ಕಾಲಿನ ಮುಂಭಾಗದ ಮೂಳೆಯುದ್ದಕ್ಕೂ ನೋವು ಬರಬಹುದು. ಬಂದರೆ ಎರಡನ್ನೂ ಕಡಿಮೆ ಮಾಡಿ, ಕಾಂಕ್ರೀಟ್ ಬಿಟ್ಟು ಮಣ್ಣಿನ ನೆಲಕ್ಕೆ ಬನ್ನಿ. ಮೂಳೆಯ ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ಚುಚ್ಚಿದಂತಾದರೆ ಮಾತ್ರ ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ, ಅದು ಸ್ಟ್ರೆಸ್ ಫ್ರ್ಯಾಕ್ಚರ್ (ಮೂಳೆಯಲ್ಲಿ ಸಣ್ಣ ಬಿರುಕು) ಇರಬಹುದು.